ಬರದ ಫೋಟೊ ಕೆರೆ ಅಂಗಳದಲ್ಲಿ ಸಿಗಲಿಲ್ಲ

ಬರ ಅಂದ ಕೂಡಲೇ ಪತ್ರಿಕೆಗಳಿಗೆ ಬೇಕಾಗುವುದು ಒಂದೇ ಫೋಟೊ. ಬಿರುಕು ಬಿಟ್ಟ ಕೆರೆ, ನಡುವೆ ಆಕಾಶ ನೋಡುತ್ತಾ ಕೂತ ರೈತ. ಚಿತ್ರದುರ್ಗದಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ನಾನೂ ವರ್ಷಗಟ್ಟಲೆ ಅದನ್ನೇ ತೆಗೆದೆ.

2022ರಲ್ಲಿ ನಮ್ಮ ಜಿಲ್ಲೆಯ ಮಾರಿ ಕಣಿವೆ ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ನೋಡಲು ಜನವೋ ಜನ. ಮರುವರ್ಷವೇ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು.

ಚಳ್ಳಕೆರೆ ಕಡೆಯ ಒಂದು ಹಳ್ಳಿಗೆ ಹೋದೆ. ಕೆರೆ ಅಂಗಳದಲ್ಲಿ ಒಬ್ಬ ಅಜ್ಜನನ್ನು ಕೂರಿಸಿ, ‘ಸ್ವಲ್ಪ ಮೇಲೆ ನೋಡಿ ಅಜ್ಜಾ’ ಅಂದೆ. ನೋಡಿದರು. ಆಮೇಲೆ ಪಂಚೆ ಕೊಡವಿಕೊಂಡು ಎದ್ದರು. ‘ಈ ಕೆರೆ ಪ್ರತಿ ಬ್ಯಾಸಿಗೆನೂ ಹಿಂಗೇ ಸೀಳ್ತೈತೆ ಕಣಪ್ಪಾ. ಬರ ಮನೆಯಾಗೈತೆ, ಬಾ.’

ಮನೆಯ ಮೂಲೆಯಲ್ಲಿ ಅರ್ಧ ಚೀಲ ಬಿತ್ತನೆ ಶೇಂಗಾ. ಮನೆಮಂದಿಯೆಲ್ಲ ಕೂತು ಸುಲಿದಿಟ್ಟಿದ್ದು. ಬಿತ್ತುವ ಹೊತ್ತು ದಾಟಿತ್ತು. ಅಜ್ಜಿ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದರು. ಕಾಳಿನ ತುಂಬ ತೂತು, ಬೆರಳಿಗೆಲ್ಲ ಹುಳುವಿನ ಪುಡಿ. ಕೊಟ್ಟಿಗೆಯಲ್ಲಿ ಎರಡು ಗೂಟ, ಹಗ್ಗ ಉಜ್ಜಿ ಉಜ್ಜಿ ನುಣುಪಾದವು. ಎತ್ತು ಮಾರಿ ತಿಂಗಳಾಗಿತ್ತು. ಕೆರೆಯಲ್ಲಿ ತೆಗೆದ ಫೋಟೊ ಅಲ್ಲೇ ಅಳಿಸಿದೆ.

ಅಂದಿನಿಂದ ಯಾರನ್ನೂ ‘ಹೀಗೆ ಕೂತ್ಕೊಳ್ಳಿ’ ಅನ್ನುವುದಿಲ್ಲ. 1876–78ರ ಬರದಲ್ಲಿ, ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, ಮದ್ರಾಸ್ ಕಡೆ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಹಸಿದು ಎಲುಬಾದವರನ್ನು ಗುಂಪಾಗಿ ಕೂರಿಸಿ ಫೋಟೊ ತೆಗೆದಿದ್ದ. ಅವು ನನಗೆ ಗೊತ್ತಿದ್ದವು. ನಾನು ಮಾಡುತ್ತಿದ್ದುದೂ ಅದೇ ಅಂತ ಹೊಳೆದಿರಲಿಲ್ಲ.

ಈಗ ಮೊದಲು ಮನೆಯೊಳಗೆ ಕೂತು ಮಾತಾಡುತ್ತೇನೆ. ಮುಖ ತೋರಿಸಬೇಕೋ ಬೇಡವೋ ಅವರನ್ನೇ ಕೇಳುತ್ತೇನೆ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಬೇಡ ಅಂತಾರೆ, ಅದು ಸರಿಯೇ. ಫೋಟೊದ ಕೆಳಗೆ ‘ಬರದ ಛಾಯೆ’ ಅಂತ ಬರೆಯುವುದಿಲ್ಲ. ಟ್ಯಾಂಕರ್ ಬಂದು ಎಷ್ಟು ದಿನವಾಯಿತು, ಎತ್ತು ಎಷ್ಟಕ್ಕೆ ಹೋಯಿತು, ಅಷ್ಟೇ.

2024ರಲ್ಲಿ ಮಳೆ ಬಂತು. ಮತ್ತೆ ಹೋದೆ. ಅಜ್ಜ ಬಾಡಿಗೆ ಟ್ರ್ಯಾಕ್ಟರ್ ತರಿಸಿ ಬಿತ್ತಿದ್ದರು. ಗೂಟಗಳು ಹಾಗೇ ಖಾಲಿ. ಅವುಗಳ ಫೋಟೊ ತೆಗೆದು, ಮಳೆ ಸುದ್ದಿಯ ಜೊತೆಗೇ ಹಾಕಿ ಅಂತ ಪತ್ರಿಕೆಗೆ ಕಳಿಸಿದೆ.