ಹಳೇ ಮಟ್ಟು, ಹೊಸ ಮಾತು: ಅಪ್ಪಲ್ಯಾಚಿಯನ್ ಬೆಟ್ಟದ ಮಕ್ಕಳಿಗೆ ಹಾಡು ಕಟ್ಟಲು ಕಲಿಸಿದ ನನ್ನ ಅನುಭವ

ಪ್ರತಿ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಹನ್ನೆರಡು ಮಕ್ಕಳು ಸೇರುತ್ತಾರೆ. ಊರು ಅಮೆರಿಕದ ಟೆನೆಸ್ಸಿ ರಾಜ್ಯದ ಜಾನ್ಸನ್ ಸಿಟಿ. ಸುತ್ತಲೂ ಅಪ್ಪಲ್ಯಾಚಿಯನ್ ಬೆಟ್ಟಗಳು. (ಇಲ್ಲಿನವರು 'ಲ್ಯಾಚ್' ಅಂತಲೇ ಹೇಳುತ್ತಾರೆ. 'ಲೇಶ್' ಅಂದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗಿಬಿಡುತ್ತದೆ.) ಗಂಡನ ಕೆಲಸದಿಂದಾಗಿ ನಾವು 2011ರಲ್ಲಿ ಇಲ್ಲಿಗೆ ಬಂದೆವು. ಧಾರವಾಡದಲ್ಲಿ ಹತ್ತು ವರ್ಷ ಹಿಂದೂಸ್ತಾನಿ ಪಿಟೀಲು ಕಲಿತಿದ್ದೆ. ಇಲ್ಲಿ ಅದೇ ಪಿಟೀಲು ಫಿಡಲ್ ಆಯಿತು. ಆಮೇಲೆ ಹಾಡು, ಆಮೇಲೆ ಹಾಡು ಕಟ್ಟುವ ಕೆಲಸ.

ಊರಿಗೆ ಬಂದಾಗ ಅಕ್ಕ ಕೇಳುತ್ತಾಳೆ: "ಅಲ್ಲಿನವರ ಹಾಡು ಅಲ್ಲಿನ ಮಕ್ಕಳಿಗೆ ನೀ ಕಲಿಸೋದಾ?" ನ್ಯಾಯವಾದ ಪ್ರಶ್ನೆ. ನಾನೊಬ್ಬಳೇ ಕಲಿಸುವುದಿಲ್ಲ. ಜೊತೆಗೆ ಇದೇ ಬೆಟ್ಟದಲ್ಲಿ ಹುಟ್ಟಿ ಬೆಳೆದ ಎಪ್ಪತ್ತೆಂಟು ವರ್ಷದ ಹಾಡುಗಾರ್ತಿ ಒಬ್ಬರು ಇದ್ದಾರೆ. ಎಲ್ಲರಿಗೂ ಅವರು 'ಮ್ಯಾಮ್', ನನಗೂ ಅಷ್ಟೇ. ಹಳೇ ಹಾಡು ಅವರು ಕೊಡುತ್ತಾರೆ. ಅದರ ಮೇಲೆ ಹೊಸದನ್ನು ಕಟ್ಟಿಸುವುದು ನನ್ನ ಪಾಲು.

ಮೊದಲ ಎರಡು ವರ್ಷ ನಾನು ತಪ್ಪು ದಾರಿಯಲ್ಲಿ ಕಲಿಸಿದೆ. ಬಿಳಿ ಹಲಗೆಯ ಮೇಲೆ ಗಿಟಾರಿನ ಸ್ವರಗುಚ್ಛಗಳ (chord) ಹೆಸರು ಬರೆಯುತ್ತಿದ್ದೆ. ಪ್ರಾಸದ ಪಟ್ಟಿ ಹಂಚುತ್ತಿದ್ದೆ. "ನಿಮ್ಮ ಮನಸ್ಸಿನಲ್ಲಿರೋದನ್ನು ಬರೆಯಿರಿ" ಅನ್ನುತ್ತಿದ್ದೆ. ಮಕ್ಕಳು ಶ್ರದ್ಧೆಯಿಂದ ಬರೆದರು. ಎಲ್ಲ ಹಾಡುಗಳೂ ಒಂದೇ ಥರ ಇದ್ದವು. ಮುರಿದ ಮನಸ್ಸು, ಉದ್ದದ ರಸ್ತೆ, ಮಳೆ, ಪಿಕಪ್ ಟ್ರಕ್. ರೇಡಿಯೊದಲ್ಲಿ ಕೇಳಿದ್ದನ್ನೇ ಹಿಂತಿರುಗಿಸುತ್ತಿದ್ದರು. ತಮ್ಮ ಊರಿನದ್ದು ಒಂದೂ ಇರಲಿಲ್ಲ.

ಒಂದು ದಿನ ಮ್ಯಾಮ್ ಕ್ಲಾಸು ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. "ಮಗಳೇ, ಈ ಮಕ್ಕಳ ಹತ್ತಿರ ಇನ್ನೂ ಇಪ್ಪತ್ತು ಹಾಡೂ ಇಲ್ಲ. ಇಲ್ಲದ್ದರಿಂದ ಏನು ಕಟ್ಟುತ್ತಾರೆ?" ಅಂದರು. ಆಮೇಲೆ ಒಂದು ಬ್ಯಾಲಡ್‌ನ, ಅಂದರೆ ಕಥೆ ಹೇಳುವ ಹಳೇ ಹಾಡಿನ, ಮೊದಲ ಸಾಲು ಹಾಡಿ ಸುಮ್ಮನಾದರು. ನಾನು ಹಾಡಬೇಕಿತ್ತು. ಹಾಡಿದೆ. ಎರಡನೇ ಸಾಲು ಕೊಟ್ಟರು.

ಹೀಗೆ ಎದುರುಬದುರು ಕೂತು ಕಲಿಯುವುದು ಇಲ್ಲಿನ ಹಳೇ ಪದ್ಧತಿ. ಬೆಟ್ಟದ ಆಚೆ, ನಾರ್ತ್ ಕ್ಯಾರೊಲಿನಾದ ಮ್ಯಾಡಿಸನ್ ಕೌಂಟಿಯಲ್ಲಿ ಶೀಲಾ ಕೇ ಆ್ಯಡಮ್ಸ್ ಇದೇ ರೀತಿ ಮನೆಯ ಹಿರಿಯರಿಂದ ಬ್ಯಾಲಡ್ ಕಲಿತವರು. 2013ರಲ್ಲಿ ಅವರಿಗೆ ಜಾನಪದ ಕಲಾವಿದರಿಗೆ ಕೊಡುವ ದೇಶದ ಹೆರಿಟೇಜ್ ಫೆಲೋ ಗೌರವ ಸಿಕ್ಕಿತು. ನನಗಂತೂ ಇದು ಹೊಸದಲ್ಲ. ಧಾರವಾಡದಲ್ಲಿ ಗುರುಗಳ ಮುಂದೆ ಚಾಪೆಯ ಮೇಲೆ ಕೂತು ಕಲಿತದ್ದು ಹೀಗೇ. ಗೊತ್ತಿದ್ದ ದಾರಿ ಬಿಟ್ಟು ಬಿಳಿ ಹಲಗೆ ಯಾಕೆ ಹಿಡಿದೆ ಅಂತ ಆವತ್ತು ರಾತ್ರಿ ತುಂಬಾ ಹೊತ್ತು ಯೋಚಿಸಿದೆ.

ಅಲ್ಲಿಂದ ಮುಂದೆ ಮೊದಲ ಎರಡು ತಿಂಗಳು ಪೆನ್ನು, ಕಾಗದ, ಫೋನು ಯಾವುದೂ ಇಲ್ಲ. ಬರೀ ಕೇಳು, ಹಾಡು. ಜೋಡಿಯಾಗಿ ಕೂರಿಸುತ್ತೇವೆ. ಒಬ್ಬರು ಮಾತನ್ನು ನೆನಪಿಡಬೇಕು, ಇನ್ನೊಬ್ಬರು ಮಟ್ಟನ್ನು. ಇದನ್ನು ನಾನು ಲೆಸ್ಲಿ ರಿಡಲ್ ಅವರ ಕಥೆಯಿಂದ ತೆಗೆದುಕೊಂಡೆ. ಇಲ್ಲಿಂದ ಅರ್ಧ ಗಂಟೆ ದಾರಿಯ ಬ್ರಿಸ್ಟಲ್‌ನಲ್ಲಿ 1927ರ ಬೇಸಿಗೆಯಲ್ಲಿ ಮೊದಲ ಸಲ ರೆಕಾರ್ಡ್ ಮಾಡಿದ 'ಕಾರ್ಟರ್ ಕುಟುಂಬ' ಎಂಬ ಹಾಡುಗಾರರ ತಂಡದ ಎ. ಪಿ. ಕಾರ್ಟರ್ ಆಮೇಲೆ ಹಳ್ಳಿ ಹಳ್ಳಿ ಸುತ್ತಿ ಹಾಡು ಸಂಗ್ರಹಿಸಿದರು. ಜೊತೆಗಿದ್ದವರು ರಿಡಲ್, ಕಪ್ಪು ಜನಾಂಗದ ಗಿಟಾರ್ ವಾದಕ. ಕಾರ್ಟರ್ ಮಾತು ಬರೆದುಕೊಂಡರೆ ರಿಡಲ್ ಮಟ್ಟನ್ನು ತಲೆಯಲ್ಲಿ ಹೊತ್ತು ತರುತ್ತಿದ್ದರು. ಹಾಡುಗಳ ಮೇಲೆ ಮಾತ್ರ ರಿಡಲ್ ಹೆಸರು ಬರಲಿಲ್ಲ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೈಯಿಂದ ಈ ಬೆಟ್ಟಕ್ಕೆ ಬಂತು ಅನ್ನುವುದನ್ನೂ ಹೇಳುತ್ತೇನೆ. ನಮ್ಮ ಕ್ಲಾಸಿನಲ್ಲಿ ಹಾಡಿಗೆ ಕೈ ಹಾಕಿದ ಪ್ರತಿಯೊಬ್ಬರ ಹೆಸರೂ ಹಾಳೆಯ ಕೆಳಗೆ ಇರಲೇಬೇಕು.

ಎರಡು ತಿಂಗಳಾದ ಮೇಲೆ ಎಣಿಕೆ ಶುರು. ಇದು ನನಗೇ ಕಷ್ಟವಾದ ಭಾಗ. ಕನ್ನಡದಲ್ಲಿ ನಾವು ಮಾತ್ರೆ ಎಣಿಸುತ್ತೇವೆ, ಲಘು ಗುರು ನೋಡುತ್ತೇವೆ. ಇಂಗ್ಲಿಷಿನಲ್ಲಿ ಒತ್ತು, ಅಂದರೆ ಮಾತಿನಲ್ಲಿ ದನಿ ಜೋರಾಗಿ ಬೀಳುವ ಜಾಗ, ಎಣಿಸಬೇಕು. ಹೆಚ್ಚಿನ ಬ್ಯಾಲಡ್‌ಗಳಲ್ಲಿ ಚರಣಕ್ಕೆ ನಾಲ್ಕು ಸಾಲು: ನಾಲ್ಕು ಒತ್ತು, ಮೂರು ಒತ್ತು, ಮತ್ತೆ ನಾಲ್ಕು, ಮತ್ತೆ ಮೂರು. ನಡುವೆ ಎಷ್ಟು ಅಕ್ಷರ ಇದ್ದರೂ ನಡೆಯುತ್ತದೆ, ಒತ್ತು ಮಾತ್ರ ತಪ್ಪಬಾರದು. ಇದು ನನ್ನ ಕಿವಿಗೆ ಇಳಿಯಲು ಒಂದು ವರ್ಷವೇ ಬೇಕಾಯಿತು. ಮಕ್ಕಳು ತೊಡೆ ತಟ್ಟಿ ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ. ಭಾಷೆ ಅವರದ್ದು, ಅಲ್ವಾ.

ಮಟ್ಟನ್ನು ಹೊಸದಾಗಿ ಹುಡುಕಲು ಬಿಡುವುದಿಲ್ಲ. ಕಲಿತ ಇಪ್ಪತ್ತರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕೆಲವು ತಂದೆತಾಯಿಯರಿಗೆ ಇದು ಸರಿ ಕಾಣುವುದಿಲ್ಲ. "ನಕಲು ಮಾಡಿಸುತ್ತೀರಾ?" ಅಂತ ಕೇಳುತ್ತಾರೆ. ಅವರಿಗೆ ಫ್ಲಾರೆನ್ಸ್ ರೀಸ್ ಕಥೆ ಹೇಳುತ್ತೇನೆ. 1931, ಕೆಂಟಕಿಯ ಹಾರ್ಲನ್ ಕೌಂಟಿ. ಕಲ್ಲಿದ್ದಲು ಗಣಿಗಳಲ್ಲಿ ಹೋರಾಟ ನಡೆಯುತ್ತಿತ್ತು. ಗಂಡ ಸಂಘದ ಮುಂದಾಳು. ಷೆರಿಫ್‌ನ ಜನ ಅವರನ್ನು ಹುಡುಕಿಕೊಂಡು ಮನೆಗೆ ನುಗ್ಗಿದರು. ಆಗ ಆಕೆ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಹಾಡು ಬರೆದರು, 'ನೀವು ಯಾರ ಕಡೆ?' ಅಂತ ಊರನ್ನೇ ಕೇಳುವ ಹಾಡು. ಮಟ್ಟು ಮಾತ್ರ ಮೊದಲೇ ಗೊತ್ತಿದ್ದ ಹಳೆಯದು. ಅದಕ್ಕೇ ಕೇಳಿದವರು ತಕ್ಷಣ ದನಿಗೂಡಿಸಬಹುದಿತ್ತು. ಹೊಸ ಮಟ್ಟು ಕಲಿಸುತ್ತ ಕೂರುವಷ್ಟು ಪುರುಸೊತ್ತು ಆಕೆಗೆಲ್ಲಿತ್ತು?

ಮಟ್ಟು ಹಿಡಿಯಲು ಸಣ್ಣವರ ಕೈಗೆ ಮೌಂಟನ್ ಡಲ್ಸಿಮರ್ ಕೊಡುತ್ತೇನೆ. ತೊಡೆಯ ಮೇಲೆ ಇಟ್ಟುಕೊಂಡು ನುಡಿಸುವ ಉದ್ದನೆಯ ವಾದ್ಯ. ಸಾಮಾನ್ಯವಾಗಿ ಒಂದು ತಂತಿಯಲ್ಲಿ ಮಟ್ಟು, ಉಳಿದವು ತಂಬೂರಿ ಥರ ಒಂದೇ ಸಮನೆ ಶ್ರುತಿ ಹಿಡಿದಿರುತ್ತವೆ. ತಂತಿಗಳನ್ನು ಡಿ-ಎ-ಡಿ ಸ್ವರಗಳಿಗೆ ಶ್ರುತಿಗೂಡಿಸಿ, ಹಳೇ ಮಾದರಿಯ ಮೆಟ್ಟಿಲುಗಳಲ್ಲೇ (ಫ್ರೆಟ್) ತಂತಿಯುದ್ದಕ್ಕೂ ಹೋದರೆ ನಮ್ಮ ಹಿಂದೂಸ್ತಾನಿಯ ಖಮಾಜ್ ಥಾಟಿನ ಸ್ವರಗಳು ಬರುತ್ತವೆ. ಮೊದಲ ಸಲ ಅದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು. ಐದೇ ಸ್ವರದ ಮಟ್ಟುಗಳಂತೂ ಎಷ್ಟೋ ಇವೆ, ಭೂಪ ರಾಗದ ಸ್ವರಗಳವೂ ಅವುಗಳಲ್ಲಿವೆ. ಆದರೆ ಅವನ್ನು ರಾಗದಂತೆ ಹಾಡಬಾರದು. ನಾನು ಮೊದಮೊದಲು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಳೆಯುತ್ತಿದ್ದೆ. ಮ್ಯಾಮ್ ಕೈ ಎತ್ತಿ ನಿಲ್ಲಿಸುತ್ತಿದ್ದರು. "ನೇರ ಹಾಡು. ಕಥೆ ನಿನ್ನದಲ್ಲ, ಸತ್ತವಳದ್ದು." ಬ್ಯಾಲಡ್ ಹಾಡುವವರು ಮುಖದಲ್ಲಿ ದುಃಖ ತೋರಿಸುವುದಿಲ್ಲ. ದನಿ ಸಮನಾಗಿರುತ್ತದೆ. ಕೇಳುವವರ ಕಣ್ಣು ತುಂಬುತ್ತದೆ.

ಬರೆಯುವುದಕ್ಕೂ ಇದೇ ನಿಯಮ ಇಟ್ಟೆ. ಮೊದಲ ಕರಡಿನಲ್ಲಿ ದುಃಖ, ಪ್ರೀತಿ, ನೋವು ಅನ್ನುವ ಪದಗಳೇ ಇರಬಾರದು. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಇರಬೇಕು. ನಮ್ಮಜ್ಜಿ ಜೋಳ ಬೀಸುತ್ತ ಹಾಡುವಾಗ ತವರಿನ ನೋವು ಅಂತ ಎಂದೂ ಹಾಡಲಿಲ್ಲ. ಬಳೆ ಅಂದಳು, ಕುಪ್ಪಸ ಅಂದಳು, ಎತ್ತಿನ ಕೊರಳ ಗೆಜ್ಜೆ ಅಂದಳು. ನೋವು ತಾನಾಗಿ ಬರುತ್ತಿತ್ತು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಬ್ಬ ಹುಡುಗ ತನ್ನ ತಾತನ ಊಟದ ಡಬ್ಬಿಯ ಬಗ್ಗೆ ಬರೆದಿದ್ದ. ಗಣಿಗೆ ಒಯ್ಯುವ ದುಂಡನೆಯ ಅಲ್ಯುಮಿನಿಯಂ ಡಬ್ಬಿ. ಕೆಳಗೆ ನೀರು, ಮೇಲಿನ ತಟ್ಟೆಯಲ್ಲಿ ಊಟ. ಸಂಜೆ ಬರುವಾಗ ತಾತ ಅದರಲ್ಲಿ ಮಕ್ಕಳಿಗೆ ಅಂತ ಒಂದು ತುಂಡು ಕೇಕ್ ಉಳಿಸಿ ತರುತ್ತಿದ್ದರಂತೆ. ಒಳ್ಳೇ ಹಾಡು. ಆದರೆ ಹುಡುಗ ಮನೆಯಲ್ಲಿ ಮಾತಾಡುವ ಹಾಗೇ ಬರೆದಿದ್ದ. ನಾನು ಕೆಂಪು ಪೆನ್ನಿನಿಂದ ವ್ಯಾಕರಣ ತಿದ್ದಿದೆ. ಮುಂದಿನ ವಾರ ಅವನು ಹಾಡಲೇ ಇಲ್ಲ. ಧಾರವಾಡದ ಹುಡುಗ 'ಹೊಂಟೀನಿ' ಅಂತ ಬರೆದರೆ 'ಹೊರಟಿದ್ದೇನೆ' ಅಂತ ತಿದ್ದಿದ ಹಾಗಾಯಿತು ಅಂತ ಆಮೇಲೆ ಹೊಳೆಯಿತು. ಶಾಲೆಯಲ್ಲಿ ನನಗೇ ಆದ ಅನ್ಯಾಯ ಅದು! ಅವನ ಮುಂದೆ ಕೂತು ಕ್ಷಮೆ ಕೇಳಿದೆ. ಕೆಂಪು ಪೆನ್ನು ಆಮೇಲೆ ಕ್ಲಾಸಿಗೆ ಬಂದಿಲ್ಲ.

2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಮಳೆ ಈ ಬೆಟ್ಟಗಳ ಮೇಲೆ ಬಿತ್ತು. ನಮ್ಮಿಂದ ಅರ್ಧ ಗಂಟೆ ದಾರಿಯ ಎರ್ವಿನ್‌ನಲ್ಲಿ ನೋಲಿಚಕಿ ನದಿ ಉಕ್ಕಿತು. ಅಲ್ಲಿನ ಆಸ್ಪತ್ರೆಯ ಚಾವಣಿಯ ಮೇಲಿಂದ ಐವತ್ತಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. ಐದು ವಾರ ಕ್ಲಾಸು ನಡೆಯಲಿಲ್ಲ. ಮತ್ತೆ ಸೇರಿದ ದಿನ ಯಾರಿಗೂ ಹಾಡುವ ಮನಸ್ಸಿರಲಿಲ್ಲ. ಮ್ಯಾಮ್ ಹಳೇ ಕೀರ್ತನೆಯೊಂದನ್ನು ಸಾಲು ಸಾಲಾಗಿ ಹೇಳಿಕೊಟ್ಟರು, ಎಲ್ಲರೂ ಹಿಂದೆ ಹೇಳಿದರು. ಅಷ್ಟೇ. ಮನೆಗೆ ಹೋದೆವು.

ನವೆಂಬರ್ ಕೊನೆಗೆ ಹದಿಮೂರು ವರ್ಷದ ಒಬ್ಬಳು ಹುಡುಗಿ ಕರಡು ತಂದಳು. 'ಓ ನದಿಯೇ, ನನ್ನೆದೆ ಯಾಕೆ ಒಡೆದೆ' ಅಂತ ಶುರು. ನಾನು ಏನೂ ತಿದ್ದಲಿಲ್ಲ. "ನೀರು ಇಳಿದ ಮೇಲೆ ಮನೆಯಲ್ಲಿ ಮೊದಲು ಏನು ಕಂಡಿತು?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. "ಅಜ್ಜಿಯ ಬೀನ್ಸ್ ಜಾರ್‌ಗಳು," ಅಂದಳು.

ಇಲ್ಲಿ ಬೇಸಿಗೆಯಲ್ಲಿ ಹಾಫ್ ರನ್ನರ್ ಅನ್ನುವ ಬೀನ್ಸ್ ಬೆಳೆಯುತ್ತಾರೆ. ಮನೆಯವರೆಲ್ಲ ವರಾಂಡದಲ್ಲಿ ಕೂತು ನಾರು ತೆಗೆಯುತ್ತಾರೆ. ಗಾಜಿನ ಜಾರ್‌ಗೆ ತುಂಬಿ ದೊಡ್ಡ ಪ್ರೆಷರ್ ಪಾತ್ರೆಯಲ್ಲಿ ಬೇಯಿಸುತ್ತಾರೆ. ತಣಿಯುವಾಗ ಒಂದೊಂದೇ ಮುಚ್ಚಳ 'ಟಿಣ್' ಅಂತ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಸದ್ದು ಬಂದರೆ ಚಳಿಗಾಲಕ್ಕೆ ಊಟ ಭದ್ರ. ಆ ಮನೆಯ ನೆಲಮಾಳಿಗೆಯಲ್ಲಿ ಜಾರ್‌ಗಳು ಕೆಸರಿನಲ್ಲಿ ನಿಂತಿದ್ದವು. ಒಂದೂ ಒಡೆದಿರಲಿಲ್ಲ, ಒಂದು ಮುಚ್ಚಳವೂ ಬಿಚ್ಚಿರಲಿಲ್ಲ. ಆದರೆ ನೆರೆನೀರು ಮುಟ್ಟಿದ್ದನ್ನು ತಿನ್ನುವ ಹಾಗಿಲ್ಲ. ಎಲ್ಲವನ್ನೂ ಎಸೆಯಬೇಕಾಯಿತು.

"ಎಷ್ಟು ಜಾರ್?" ಅಂದೆ.

"ನಲವತ್ಮೂರು."

ಹಾಡು ಅಲ್ಲೇ ಸಿಕ್ಕಿತು. ಬ್ಯಾಲಡ್‌ಗಳಲ್ಲಿ ಒಂದೇ ಸಾಲು ಸ್ವಲ್ಪ ಸ್ವಲ್ಪ ಬದಲಾಗುತ್ತ ಚರಣದಿಂದ ಚರಣಕ್ಕೆ ಕಥೆಯನ್ನು ಮುಂದೆ ತಳ್ಳುವ ರೀತಿ ಇದೆ. ಅದನ್ನು ಅವಳು ಎರಡು ತಿಂಗಳು ಕಿವಿಯಿಂದಲೇ ಕಲಿತಿದ್ದಳು. ಮೊದಲ ಚರಣ ಬಿತ್ತಿದ್ದು, ಎರಡನೆಯದು ನಾರು ತೆಗೆದದ್ದು, ಮೂರನೆಯದು ಮುಚ್ಚಳದ ಸದ್ದು, ನಾಲ್ಕನೆಯದು ಸುರಿದದ್ದು. ನದಿ ಎಂಬ ಮಾತು ಇಡೀ ಹಾಡಿನಲ್ಲಿ ಒಂದೇ ಸಲ ಬರುತ್ತದೆ. ಮೊದಲ ಎರಡು ಚರಣದ ಕೆಲವು ಸಾಲನ್ನು ಅರ್ಥ ಹಿಡಿದು ಕನ್ನಡಕ್ಕೆ ತಂದರೆ ಹೀಗೆ:

ಮೇ ತಿಂಗಳಲ್ಲಿ ಬಿತ್ತಿದಳಜ್ಜಿ
ಬೇಲಿಯ ಪಕ್ಕದ ಸಾಲು,
ಜುಲೈ ತಿಂಗಳಲಿ ನಾರು ತೆಗೆದೆವು
ಮಡಿಲಿಗೆ ಒಂದೊಂದು ಪಾಲು.

ಇಂಗ್ಲಿಷಿನಲ್ಲಿ ಇದಕ್ಕಿಂತ ಗಟ್ಟಿಯಾಗಿದೆ. ಅವಳು ವಾದ್ಯ ಬೇಡ ಅಂದಳು. ಕೈ ತೊಡೆಯ ಮೇಲಿಟ್ಟು, ಸಮದನಿಯಲ್ಲಿ ಹಾಡಿದಳು. ಮ್ಯಾಮ್ ತಲೆ ತಗ್ಗಿಸಿ ಕೇಳುತ್ತಿದ್ದರು.

ಕ್ರಿಸ್‌ಮಸ್‌ಗೆ ಮೊದಲು ಮನೆಯವರನ್ನೆಲ್ಲ ಕರೆದಿದ್ದೆವು. ಅಜ್ಜಿಯೂ ಬಂದಿದ್ದರು, ಮುಂದಿನ ಸಾಲಿನಲ್ಲಿ ಕೂತಿದ್ದರು. ಹಾಡು ಮುಗಿದ ಮೇಲೆ ಮೊಮ್ಮಗಳನ್ನು ಹತ್ತಿರ ಕರೆದು ಕೆನ್ನೆ ಸವರಿದರು. "ನಲವತ್ಮೂರಲ್ಲ ಮಗಳೇ, ನಲವತ್ತೊಂದು. ಎರಡನ್ನು ಆಗಸ್ಟಿನಲ್ಲೇ ಚರ್ಚಿನ ಊಟಕ್ಕೆ ಕೊಟ್ಟಿದ್ದೆ," ಅಂದರು. ಚರ್ಚು ಗುಡ್ಡದ ಮೇಲಿದೆ. ಅಲ್ಲಿಗೆ ನೀರು ಹೋಗಿರಲಿಲ್ಲ.

ಮುಂದಿನ ಶನಿವಾರ ಅವಳು ಹಾಳೆ ತಂದು ತೋರಿಸಿದಳು. ನಲವತ್ಮೂರನ್ನು ಹೊಡೆದು ನಲವತ್ತೊಂದು ಅಂತ ಬರೆದಿದ್ದಳು. ಕೆಳಗೆ ಐದನೇ ಚರಣ ಇತ್ತು. ಆ ಎರಡು ಜಾರ್ ಅದರಲ್ಲಿವೆ.