ಬಡಾವಣೇಲಿ ಪಾತ್ರೆ ಬ್ಯಾಂಕ್ ಶುರು ಮಾಡೋದು ಹೇಗೆ: ನಾಲ್ಕು ಹೆಂಗಸರು, 200 ಸೆಟ್ ತಟ್ಟೆ, ಒಂದು ನೋಟ್‌ಬುಕ್

ಗೃಹಪ್ರವೇಶನೋ ನಾಮಕರಣನೋ ಮುಗಿದ ಮಾರನೇ ದಿನ ಬೀದಿ ಕೊನೇಲಿ ಕಪ್ಪು ಕವರ್‌ಗಳ ರಾಶಿ ಬಿದ್ದಿರತ್ತಲ್ಲ, ಅರ್ಧ ಬಿಟ್ಟ ಅನ್ನದ ಜೊತೆ ಪೇಪರ್ ಲೋಟ, ಬೆಳ್ಳಿ ಬಣ್ಣದ ತಟ್ಟೆ, ಅದನ್ನ ಎಳೆದಾಡ್ತಿರೋ ಹಸು. ಮೈಸೂರಲ್ಲಿ ನಮ್ಮ ಬಡಾವಣೆಯ ನಾಲ್ಕು ಜನ ಸೇರಿ ಸ್ಟೀಲ್ ತಟ್ಟೆ ಲೋಟ ಬಾಡಿಗೆಗೆ ಕೊಡೋಕೆ ಶುರು ಮಾಡಿದ್ದು ಅದನ್ನ ನೋಡಿ ನೋಡಿ ಸಾಕಾಗಿ. ಈಗ ಬೇರೆ ಊರಿನ ಅಕ್ಕಂದಿರು ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ.

ಶೇರಿಂಗ್ ಎಕಾನಮಿ, ಅಂದ್ರೆ ಒಂದೇ ಸಾಮಾನನ್ನ ಹತ್ತಾರು ಜನ ಹಂಚ್ಕೊಂಡು ಬಳಸೋದು, ಅಂದ ತಕ್ಷಣ ಆ್ಯಪ್ ಬೇಕು, ಕೋಟಿಗಟ್ಟಲೆ ಹಣ ಹಾಕೋರು ಬೇಕು ಅಂತ ಹೆದರಬೇಡಿ. ಗದ್ದೆ ನಾಟಿಗೆ ಮುಯ್ಯಾಳು ಹೋಗ್ತಿದ್ದ, ದೇವಸ್ಥಾನದ ಕೊಳಗ ಬಾಂಡ್ಲಿ ತಂದು ಊರೆಲ್ಲಾ ಮದುವೆ ಮಾಡ್ತಿದ್ದ ನಮಗೆ ಇದು ಹೊಸದೇನಲ್ಲ. 2000ದಲ್ಲಿ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ರಾಬಿನ್ ಚೇಸ್, ಆಂಟ್ಯೆ ಡೇನಿಯಲ್ಸನ್ ಅನ್ನೋ ಇಬ್ಬರು ಜಿಪ್‌ಕಾರ್ ಶುರು ಮಾಡಿದ್ರು, ಒಂದೇ ಕಾರನ್ನ ಹತ್ತಾರು ಮನೆಯವರು ಗಂಟೆ ಲೆಕ್ಕದಲ್ಲಿ ಬಳಸೋ ಕಂಪನಿ, ಇಬ್ಬರೂ ಪರಿಚಯ ಆಗಿದ್ದು ಮಕ್ಕಳನ್ನ ಶಿಶುವಿಹಾರಕ್ಕೆ ಬಿಡೋ ಜಾಗದಲ್ಲಿ. ಹತ್ತಿರದಲ್ಲೇ ನೋಡೋದಾದ್ರೆ ಬೆಂಗಳೂರಲ್ಲಿ ತೇಜಸ್ವಿನಿ ಅನಂತಕುಮಾರ್ ಅವರ ಅದಮ್ಯ ಚೇತನ ಸಂಸ್ಥೆ ಪ್ಲೇಟ್ ಬ್ಯಾಂಕ್ ಮಾಡಿ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡತ್ತೆ. ಅದು ಸೇವೆ. ನಮ್ಮ ಹಿಂದೆ ಅಂಥ ಸಂಸ್ಥೆ ಇಲ್ಲ, ಹಾಗಾಗಿ ಬಾಡಿಗೆ ತಗೊಳ್ಳಲೇಬೇಕು, ಇಲ್ಲಾಂದ್ರೆ ಎರಡನೇ ವರ್ಷಕ್ಕೆ ಬಾಗಿಲು ಹಾಕ್ತೀವಿ.

ಮೊದಲು ರಿಸ್ಕ್ ಲೆಕ್ಕ ಹಾಕಿ, ಅದೂ ಬಾಯಲ್ಲಲ್ಲ, ಕಾಗದದ ಮೇಲೆ. ಎಲ್ಲಾ ಮುಳುಗಿ ಹೋದ್ರೂ ಮನೆ ನಡೆಯತ್ತೆ ಅನ್ನೋ ಮೊತ್ತ ಎಷ್ಟೋ ಅಷ್ಟೇ ಹಾಕಿ. ಒಡವೆ ಅಡ ಇಡಬೇಡಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ನಾವು ತಲಾ ಹತ್ತು ಸಾವಿರ ಹಾಕಿದ್ವಿ, ಒಟ್ಟು 40,000. ಒಂದು ತಟ್ಟೆ, ಎರಡು ಬಟ್ಟಲು, ಲೋಟ, ಚಮಚ ಸೇರಿ ಸೆಟ್‌ಗೆ ಹೋಲ್‌ಸೇಲ್‌ನಲ್ಲಿ ಸುಮಾರು 200 ರೂಪಾಯಿ ಬಿತ್ತು, 200 ಸೆಟ್ ಬಂತು. ತೊಳೆಯೋದೂ ನಮ್ಮದೇ ಅಂದ್ರೆ ಸೆಟ್‌ಗೆ 10 ರೂಪಾಯಿ ಬಾಡಿಗೆ, ಅದರಲ್ಲಿ ತೊಳೆಯೋರ ಕೂಲಿ, ಸೋಪು, ಆಟೋ ಎಲ್ಲಾ ಕಳೆದು 5 ರೂಪಾಯಿ ಉಳಿಯತ್ತೆ. ಪೂರ್ತಿ 200 ಸೆಟ್ ಹೋದ ಒಂದು ಸಮಾರಂಭಕ್ಕೆ ಸಾವಿರ ರೂಪಾಯಿ, ಅಂದ್ರೆ ಅಂಥ 40 ಸಮಾರಂಭಕ್ಕೆ ಹಾಕಿದ ದುಡ್ಡು ವಾಪಸ್. ನಿಮ್ಮ ಬಡಾವಣೇಲಿ ವರ್ಷಕ್ಕೆ 40 ಆಗತ್ತಾ? ಊಹೆ ಮಾಡಬೇಡಿ, ಅಡುಗೆ ಭಟ್ರನ್ನ ಕೇಳಿ, ಶಾಮಿಯಾನದವರನ್ನ ಕೇಳಿ, ಅವರ ಹತ್ರ ದಿನಾಂಕ ಸಮೇತ ಲೆಕ್ಕ ಇರತ್ತೆ.

ಸಾಲ ಬೇಕೇ ಬೇಕು ಅಂದ್ರೆ ಬಡ್ಡಿ ವ್ಯಾಪಾರದವರ ಹತ್ರ ಹೋಗೋ ಮುಂಚೆ ನಿಮ್ಮ ಸ್ತ್ರೀಶಕ್ತಿ ಸಂಘದ ಒಳಸಾಲ ನೋಡಿ. ಸಣ್ಣ ವ್ಯಾಪಾರಕ್ಕೆ ಸಾಲ ಕೊಡೋ ಕೇಂದ್ರ ಸರ್ಕಾರದ ಮುದ್ರಾ ಯೋಜನೇಲಿ ಶಿಶು ಅನ್ನೋ ವಿಭಾಗದಲ್ಲಿ 50,000ದವರೆಗೆ ಅಡಮಾನ ಇಲ್ಲದೆ ಸಿಗತ್ತೆ, ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಅನ್ನೋ ಸಾಲ ಯೋಜನೆ ಕೂಡ ವಿಚಾರಿಸಿ. ಉದ್ಯಮ್ ರಿಜಿಸ್ಟ್ರೇಷನ್, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ನೋಂದಾಯಿಸೋದು, ಪೂರ್ತಿ ಉಚಿತ, ಅದಕ್ಕೆ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟೋವರೆಗೂ ಜಿಎಸ್‌ಟಿ ತಲೆನೋವಿಲ್ಲ. ಬ್ಯಾಂಕ್ ಖಾತೆ ಮಾತ್ರ ನಿಮ್ಮಗಳ ಹೆಸರಲ್ಲೇ ಇರಲಿ, ಯಜಮಾನರ ಖಾತೆಗೆ ಬಾಡಿಗೆ ಹಾಕಿಸ್ಕೊಂಡ್ರೆ ಆರು ತಿಂಗಳಿಗೆ ಯಾವುದು ಮನೆ ದುಡ್ಡು ಯಾವುದು ಪಾತ್ರೆ ಬ್ಯಾಂಕಿನ ದುಡ್ಡು ಗೊತ್ತಾಗಲ್ಲ.

ತಟ್ಟೆ ತಗೊಳ್ಳೋವಾಗ 304 ಗ್ರೇಡ್ ಸ್ಟೀಲ್ ಅಂತ ಕೇಳಿ, ಬಿಲ್‌ನಲ್ಲಿ ಬರೆಸಿ. 202 ಗ್ರೇಡ್ ಅಗ್ಗ, ಆದ್ರೆ ಉಪ್ಪು ಹುಳಿಗೆ ಬೇಗ ಕಲೆ ಬೀಳತ್ತೆ. ಮ್ಯಾಗ್ನೆಟ್ ಇಟ್ಟು ನೋಡ್ತೀನಿ ಅಂತಾರೆ ಕೆಲವರು, ಎರಡೂ ಸಾಮಾನ್ಯವಾಗಿ ಅಂಟಲ್ಲ, ಹಾಗಾಗಿ ಅದರಿಂದ ವ್ಯತ್ಯಾಸ ಗೊತ್ತಾಗಲ್ಲ. ಚಮಚ ಮಾತ್ರ ಮ್ಯಾಗ್ನೆಟ್‌ಗೆ ಅಂಟೋದನ್ನೇ ತಗೊಳ್ಳಿ, ಯಾಕೆ ಅಂತ ಹೇಳ್ತೀನಿ. ನಮ್ಮ ಮೊದಲನೇ ಸಮಾರಂಭದಲ್ಲಿ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡ್ಕೊಂಡು ಎಣಿಸಿದ್ರೆ ತಟ್ಟೆ ಲೋಟ ಎಲ್ಲಾ ಇದೆ, ಚಮಚ 23 ಇಲ್ಲ. ಎಲ್ಲಾ ಎಂಜಲು ಬಕೆಟ್ ತಳದಲ್ಲಿ, ಉಳಿದ ಪಾಯಸದ ಜೊತೆ. ಕೈ ಹಾಕಿ ಒಂದೊಂದೇ ಹುಡುಕಿದ್ವಿ. ಆಮೇಲೆ ಒಂದು ದೊಡ್ಡ ಮ್ಯಾಗ್ನೆಟ್‌ಗೆ ದಾರ ಕಟ್ಟಿ ಬಕೆಟ್‌ನಲ್ಲಿ ಆಡಿಸ್ತೀವಿ, ಎರಡು ನಿಮಿಷದ ಕೆಲಸ. ತಟ್ಟೆ ಹಿಂದೆ ಹೆಸರು ಕೆತ್ತಿಸೋದು ಮರೀಬೇಡಿ, ನಮ್ಮಜ್ಜಿ ಕಾಲದಲ್ಲಿ ಪಾತ್ರೆ ಅಂಗಡಿಯವರೇ ಟಕಟಕ ಅಂತ ಕೆತ್ತಿ ಕೊಡ್ತಿದ್ರಲ್ಲ, ಈಗಲೂ ಕೊಡ್ತಾರೆ.

ಈಗ ನಿಜವಾದ ಕಷ್ಟಕ್ಕೆ ಬರ್ತೀನಿ. ದುಡ್ಡು ಹಾಕೋದು ದೊಡ್ಡ ರಿಸ್ಕ್ ಅಂದ್ಕೊಂಡಿದ್ವಿ, ಅಲ್ಲ. ಗುರುತಿನೋರ ಹತ್ರ ಅಡ್ವಾನ್ಸ್ ಕೇಳೋದೇ ದೊಡ್ಡದು. ಎದುರು ಮನೆ ಆಂಟಿ, ದಿನಾ ಹೂವು ಕೊಡೋರು, ಅವರ ಮೊಮ್ಮಗನ ಹುಟ್ಟುಹಬ್ಬಕ್ಕೆ ಕೇಳಿದಾಗ ಅಡ್ವಾನ್ಸ್ ಬೇಡ ಬಿಡಿ ಅಂದೆ, ಎಣಿಸೋಕೂ ಸಂಕೋಚ ಆಯ್ತು, ವಾಪಸ್ ಬಂದಾಗ 18 ತಟ್ಟೆ ಇಲ್ಲ, ಕೇಳೋಕೆ ಬಾಯಿ ಬರ್ಲಿಲ್ಲ, ನಾಲ್ಕೂ ಜನ ಕೈಯಿಂದ ಹಾಕಿ ತಂದ್ವಿ. ಉಳಿದ ಮೂರು ಜನಕ್ಕೆ ಅವತ್ತು ಎಷ್ಟು ಬೇಜಾರಾಗಿತ್ತು ಅಂತ ನಂಗೆ ಆಮೇಲೆ ಗೊತ್ತಾಯ್ತು. ಅದಾದ್ಮೇಲೆ ನಿಯಮ ಒಂದೇ, ತಂಗಿ ಆದ್ರೂ ಅತ್ತೆ ಆದ್ರೂ ಸೆಟ್‌ಗೆ 20 ರೂಪಾಯಿ ಅಡ್ವಾನ್ಸ್, ಕಳೆದ ತಟ್ಟೆಗೆ ಇಷ್ಟು ಅಂತ ಚೀಟಿ, ಕೊಡೋವಾಗ್ಲೂ ತಗೊಳ್ಳೋವಾಗ್ಲೂ 25ರ ಕಟ್ಟು ಮಾಡಿ ಇಬ್ಬರೂ ಒಟ್ಟಿಗೆ ಎಣಿಸೋದು, ನೋಟ್‌ಬುಕ್‌ನಲ್ಲಿ ಸಹಿ. ಹೇಳೋಕೆ ಒಂದು ಮಾತು ರೆಡಿ ಇಟ್ಕೊಳ್ಳಿ: "ಇದು ನನ್ನೊಬ್ಬಳದಲ್ಲ ಅಕ್ಕ, ನಾಲ್ಕು ಜನರ ದುಡ್ಡು, ಎಲ್ಲರಿಗೂ ಒಂದೇ ಲೆಕ್ಕ." ಇದಕ್ಕೆ ಇಲ್ಲಿವರೆಗೂ ಯಾರೂ ಮುಖ ಸಿಂಡರಿಸಿಲ್ಲ. ಎದುರು ಮನೆ ಆಂಟಿನೂ ಆಮೇಲೆ ಎರಡು ಸಲ ಅಡ್ವಾನ್ಸ್ ಕೊಟ್ಟೇ ತಗೊಂಡ್ ಹೋದ್ರು.

ಪಾಲುದಾರರ ಮಧ್ಯೆನೂ ಹಾಗೇ. ಎಷ್ಟೇ ಸ್ನೇಹ ಇರ್ಲಿ, ಯಾರು ಎಷ್ಟು ಹಾಕಿದ್ರು, ಯಾರ ಮನೇಲಿ ಸಾಮಾನು, ಆ ಜಾಗಕ್ಕೆ ತಿಂಗಳಿಗೆ ಎಷ್ಟು, ಒಬ್ಬರು ಬಿಟ್ಟು ಹೋದ್ರೆ ಅವರ ದುಡ್ಡು ಯಾವಾಗ ವಾಪಸ್, ಎಲ್ಲಾ ಬರೆದು ಸಹಿ ಹಾಕಿ.

ತೊಳೆಯೋದರಲ್ಲಿ ಹೆಸರು ಉಳಿಯೋದು, ಹೋಗೋದು. ಮೊದಲು ಎಂಜಲು ಬೇರೆ ಮಾಡಿ, ಆಮೇಲೆ ಮೂರು ಟಬ್: ಸೋಪಿನ ನೀರು, ಒಳ್ಳೇ ನೀರು, ಬಿಸಿನೀರು. ನಲ್ಲಿ ಬಿಟ್ಕೊಂಡು ತೊಳೆದ್ರೆ ನೀರು ಸುಮ್ನೆ ಹರಿದು ಹೋಗತ್ತೆ, ಪರಿಸರ ಅಂತ ಹೇಳಿ ಬೋರ್‌ವೆಲ್ ಖಾಲಿ ಮಾಡಿದ ಹಾಗೆ. ಬಿಸಿಲಲ್ಲಿ ಪೂರ್ತಿ ಒಣಗದೆ ಜೋಡಿಸಬೇಡಿ, ವಾಸನೆ ಬಂದ ಒಂದು ಲೋಟ ಸಾಕು ಹತ್ತು ಮನೆ ಆರ್ಡರ್ ಕಳ್ಕೊಳ್ಳೋಕೆ. ತೊಳೆಯೋಕೆ ಬರೋ ಹೆಂಗಸರಿಗೆ ಅವತ್ತೇ ಕೂಲಿ ಕೊಡಿ, ರಾತ್ರಿ ಲೇಟ್ ಆದ್ರೆ ಆಟೋ ನಿಮ್ಮದು, ಊಟನೂ. ಪಾತ್ರೆ ಉಜ್ಜೋ ಕೈಗಳಿಗೆ ಸರಿಯಾಗಿ ಕೊಡದೆ ಇದನ್ನ ಒಳ್ಳೇ ಬಿಸಿನೆಸ್ ಅಂತ ನಾನಂತೂ ಕರೆಯಲ್ಲ.

ದೂರನೂ ನೋಡಿ. ನಾವು ಐದು ಕಿಲೋಮೀಟರ್ ಆಚೆ ಕೊಡಲ್ಲ, 50 ತಟ್ಟೆ ಹೊತ್ಕೊಂಡು ಟೆಂಪೋ ಊರೆಲ್ಲಾ ಸುತ್ತಿದ್ರೆ ಉಳಿಸಿದ್ದೇನು? ಬಾಳೆಎಲೆ ಊಟ ಹಾಕೋರಿಗೆ ತಟ್ಟೆ ತಗೊಳ್ಳಿ ಅಂತ ಒತ್ತಾಯ ಮಾಡಬೇಡಿ, ಎಲೆ ಗೊಬ್ಬರ ಆಗತ್ತೆ, ಅವರಿಗೆ ಲೋಟ ಮಾತ್ರ ಕೊಡಿ. ಪೇಪರ್ ಲೋಟದ ಒಳಗೂ ಪ್ಲಾಸ್ಟಿಕ್ ಪದರ ಇರತ್ತೆ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ, ಒಂದನ್ನ ಹರಿದು ತೋರಿಸಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಮ್ಮ ರಾಜ್ಯದಲ್ಲಿ 2016ರಿಂದ, ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧ ಅನ್ನೋದನ್ನೂ ಚೌಲ್ಟ್ರಿಯವರಿಗೆ ನೆನಪಿಸಿ, ಕೆಲಸ ಮಾಡತ್ತೆ.

ಆಷಾಢ, ಧನುರ್ಮಾಸ ಬಂದ್ರೆ ಮದುವೆ ಮುಂಜಿ ಇಲ್ಲ, ಫೋನೇ ಬರಲ್ಲ. ಮೊದಲ ಆಷಾಢದಲ್ಲಿ ನಮ್ಮಲ್ಲಿ ಇಬ್ಬರು ಸಾಕು ಬಿಟ್ಬಿಡೋಣ ಅಂದಿದ್ರು. ಹಾಗಾಗಿ ಸಾಲ ಇದ್ರೆ ಅದರ ಮೂರು ತಿಂಗಳ ಕಂತು, ಜಾಗದ ಬಾಡಿಗೆ ಎತ್ತಿಟ್ಟು ಉಳಿದಿದ್ದನ್ನ ಮಾತ್ರ ಹಂಚ್ಕೊಳ್ಳಿ, ಗಣೇಶನ ಹಬ್ಬದ ಅನ್ನಸಂತರ್ಪಣೆ, ಡಿಸೆಂಬರ್‌ನ ಅಯ್ಯಪ್ಪ ಪೂಜೆ, ಇಂಥದ್ದಕ್ಕೆ ಎರಡು ತಿಂಗಳು ಮುಂಚೆನೇ ಹೋಗಿ ಮಾತಾಡಿ. ಆ ಖಾಲಿ ದಿನಗಳಲ್ಲೇ ಕೂತು ಸೊಟ್ಟ ಆದ ಲೋಟ ಬೇರೆ ಮಾಡಿ, ನೋಟ್‌ಬುಕ್ ತಿರುವಿ ಹಾಕಿ. ನಾವು ಕೊನೇ ಪುಟದಲ್ಲಿ ಜನ ಕೇಳಿ ನಮ್ಮ ಹತ್ರ ಇಲ್ಲದ್ದನ್ನ ಬರೀತೀವಿ: ದೊಡ್ಡ ಬಾಂಡ್ಲಿ, ನೀರಿನ ಜಗ್, ಮಕ್ಕಳ ತಟ್ಟೆ. ಒಂದೇ ಸಾಮಾನು ಐದು ಸಲ ಬಂದ್ರೆ ತರ್ತೀವಿ, ಅಲ್ಲಿವರೆಗೂ ಇಲ್ಲ. ಜಗ್ ಈಗ ನಾಲ್ಕು ಸಲ ಆಗಿದೆ.