ಪಾರ್ಶ್ವವಾಯುವಿನ ನಂತರ, ಜಗುಲಿಯಿಂದ ಸಂಕದವರೆಗೆ

ಮೊದಲ ಭೇಟಿಯ ದಿನ ನಾನು ಚಿಕಿತ್ಸೆಯನ್ನು ಆರಂಭಿಸುವುದಿಲ್ಲ. ಜಗುಲಿಯ ಮೇಲೆ ಕುಳಿತು, ಮನೆಯವರು ಕೊಟ್ಟ ಕಾಫಿ ಕುಡಿದು, ಲಕ್ವ ಹೊಡೆಯುವುದಕ್ಕೆ ಮೊದಲು ರೋಗಿ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಿದ್ದರು ಎಂದು ವಿಚಾರಿಸುತ್ತೇನೆ. ಆಮೇಲೆ, ಈಗ ಏನು ಮಾಡುತ್ತಾರೋ ಅದನ್ನು ಎಂದಿನಂತೆಯೇ ಮಾಡಿ ತೋರಿಸಲು ಕೇಳುತ್ತೇನೆ: ಮಂಚದಿಂದ ಏಳುವುದು, ಬಚ್ಚಲುಮನೆಗೆ ಹೋಗುವುದು, ಅಂಗಿ ತೊಡುವುದು, ತಿಂಡಿ ತಿನ್ನುವುದು. ಒಂದೂವರೆ ಗಂಟೆ ಸುಮ್ಮನೆ ನೋಡುವುದೆಂದರೆ ನನ್ನ ಜೊತೆ ಬರುವ ಕಿರಿಯ ಥೆರಪಿಸ್ಟುಗಳಿಗೆ ಬಹಳ ಕಷ್ಟ. ಅವರ ಕೈ ಆಗಲೇ ರೋಗಿಯ ಭುಜದ ಕಡೆಗೆ ಹೋಗುತ್ತಿರುತ್ತದೆ. ಆದರೆ ಶಿವಮೊಗ್ಗದಲ್ಲಿದ್ದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಗೆ ಓಡಾಡಿದ ಈ 18 ವರ್ಷಗಳಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಸಾಕಷ್ಟು ನೋಡದೆ ಕೈಹಾಕಿದ್ದರಿಂದಲೇ ಆದವು.

ನನ್ನ ಕೆಲಸದ ಹೆಸರೇ ಅನೇಕರಿಗೆ ಗೊಂದಲ ತರುತ್ತದೆ. ಆಕ್ಯುಪೇಷನಲ್ ಥೆರಪಿ ಎಂದಾಗ ಕೆಲವರು ಮಗನಿಗೆ ಮತ್ತೆ ನೌಕರಿ ಸಿಗುತ್ತದೆಯೇ ಎಂದು ಕೇಳುತ್ತಾರೆ. ಉಳಿದವರು ‘ಫಿಸಿಯೋ ಮೇಡಂ’ ಎಂದೇ ಕರೆಯುತ್ತಾರೆ. ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯಲ್ಲಿ ಇದರ ತರಬೇತಿಯನ್ನು ಆರಂಭಿಸಿದರು. ಅಷ್ಟು ಹಳೆಯ ವೃತ್ತಿಯಾದರೂ ಮಲೆನಾಡಿನ ಮನೆಗಳಲ್ಲಿ ಅದನ್ನು ಪ್ರತಿ ಸಲವೂ ಹೊಸದಾಗಿ ವಿವರಿಸಬೇಕಾಗುತ್ತದೆ. ನಾನು ಹೇಳುವುದು ಇಷ್ಟೆ: ಫಿಸಿಯೋಥೆರಪಿಯವರು ಕೈಕಾಲಿನ ಬಲ ಮತ್ತು ನಡಿಗೆಯ ಕಡೆ ಹೆಚ್ಚು ಗಮನ ಕೊಡುತ್ತಾರೆ, ಆ ಕೈಕಾಲುಗಳಿಂದ ನಿಮ್ಮ ದಿನದ ಕೆಲಸವನ್ನು ನೀವೇ ಮಾಡಿಕೊಳ್ಳುವಂತಾಗಲು ಏನು ಬೇಕೋ ಅದು ನನ್ನ ಪಾಲಿನದು. ಕೈ ಮೊದಲಿನಂತಾದರೆ ಆ ಕೈಯಿಂದ ಮಾಡಿಸುತ್ತೇನೆ, ಆಗದಿದ್ದರೆ ಇನ್ನೊಂದು ದಾರಿ ಹುಡುಕುತ್ತೇನೆ.

ಹಾಗೆ ನೋಡುತ್ತಾ ಕುಳಿತಾಗ ಸಿಕ್ಕಿದ ಒಂದು ಪಾಠವನ್ನು ಇಲ್ಲಿ ವಿವರವಾಗಿ ಹೇಳಬೇಕು. ತೀರ್ಥಹಳ್ಳಿಯ ಕಡೆಯ ಒಂದು ಅಡಿಕೆ ತೋಟದ ಮನೆಯ ಯಜಮಾನರಿಗೆ ಮೆದುಳಿನ ಬಲಭಾಗದಲ್ಲಿ ಆಘಾತವಾಗಿ ದೇಹದ ಎಡಭಾಗ ಸೋತಿತ್ತು. ಎರಡು ತಿಂಗಳಲ್ಲಿ ನಡಿಗೆ ತಕ್ಕಮಟ್ಟಿಗೆ ಮರಳಿತ್ತು. ಆದರೂ ಅವರು ಬಾಗಿಲಿನ ಎಡ ಪಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಿದ್ದರು, ಎಡಗೆನ್ನೆಯ ಗಡ್ಡವನ್ನು ಹಾಗೆಯೇ ಬಿಡುತ್ತಿದ್ದರು, ಊಟಕ್ಕೆ ಕುಳಿತರೆ ಉಪ್ಪಿನಕಾಯಿ ಬಡಿಸಲಿಲ್ಲವೆಂದು ಸೊಸೆಯ ಮೇಲೆ ಸಿಟ್ಟಾಗುತ್ತಿದ್ದರು. ಬಾಳೆಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬೀಳುವುದು ಎಡಗಡೆಗೆ. ಅವೆಲ್ಲ ಬಡಿಸಿದಂತೆಯೇ ಉಳಿದಿರುತ್ತಿದ್ದವು. ಮನೆಯವರು ಇದನ್ನು ಹಟವೆಂದೂ ಮರೆವೆಂದೂ ತಿಳಿದಿದ್ದರು, ಸೊಸೆಯಂತೂ ಅತ್ತಿದ್ದರು. ಅದು ಕಣ್ಣಿನ ದೋಷವಲ್ಲ, ಸ್ವಭಾವದ ದೋಷವಂತೂ ಅಲ್ಲವೇ ಅಲ್ಲ. ಬಲ ಮೆದುಳಿಗೆ ಪೆಟ್ಟಾದ ಕೆಲವರಲ್ಲಿ ಎಡಬದಿಯ ಜಗತ್ತಿನ ಕಡೆಗೆ ಗಮನವೇ ಹರಿಯುವುದಿಲ್ಲ. ಕಣ್ಣಿಗೆ ಬಿದ್ದದ್ದೂ ಮನಸ್ಸಿಗೆ ಇಳಿಯುವುದಿಲ್ಲ, ಮತ್ತು ಏನೋ ಬಿಟ್ಟುಹೋಗಿದೆ ಎಂಬ ಅರಿವು ರೋಗಿಗೆ ಇರುವುದಿಲ್ಲ. ಇಷ್ಟನ್ನು ಬಾಳೆಎಲೆಯ ಮುಂದೆಯೇ ಕುಳಿತು ವಿವರಿಸಿದಾಗ ಆ ಮನೆಯ ಅರ್ಧ ಕಲಹ ಅಲ್ಲಿಗೇ ನಿಂತಿತು.

ಎಡಕ್ಕೆ ತಿರುಗಿ ಹುಡುಕುವ ಅಭ್ಯಾಸವನ್ನು ಮಾಡಿಸಲು ಅಕ್ಷರಗಳನ್ನು ಗುರುತಿಸುವ, ಗೆರೆಗಳನ್ನು ಹೊಡೆಯುವ ಹಾಳೆಗಳಿವೆ. ನಾನೂ ಅವನ್ನು ಕೊಟ್ಟೆ. ಅವರು ಎರಡು ದಿನ ಮಾಡಿ, ಮೂರನೆಯ ದಿನ ಹಾಳೆಯನ್ನು ಪಕ್ಕಕ್ಕೆ ಸರಿಸಿ, “ಇದು ಮಕ್ಕಳಿಗೆ ಕೊಡೋದಲ್ವಾ ಮೇಡಂ?” ಎಂದರು. ಆಗ ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನು ಆರಿಸುವ ಕೆಲಸ ನಡೆದಿತ್ತು. ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವುದರಲ್ಲಿ ಅವರ ಕಣ್ಣು ಆ ಮನೆಯಲ್ಲಿ ಎಲ್ಲರಿಗಿಂತ ಚುರುಕು ಎಂದು ಮಗನೇ ಹೇಳಿದ್ದ. ಮರುದಿನ ಒಂದು ಅಗಲವಾದ ಮೊರವನ್ನು ಅವರ ಮುಂದಿರಿಸಿ, ಅದರ ಎಡ ಅಂಚಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿಸಿದೆ. ಪ್ರತಿ ಸಲವೂ ಕಣ್ಣು ಆ ಕೆಂಪು ಪಟ್ಟಿಯನ್ನು ಮುಟ್ಟಿ, ಅಲ್ಲಿಂದ ಬಲಕ್ಕೆ ಬರಬೇಕು. ಆರಿಸಿದ ಬೆಟ್ಟೆಯನ್ನು ಎಡಗಡೆಯ ಬುಟ್ಟಿಗೇ ಹಾಕಬೇಕು. ಎಡಗೈ ಮೊರದ ಅಂಚನ್ನು ಹಿಡಿದಿರಬೇಕು. ಮೊದಲ ದಿನ ಮೊರದ ಎಡ ಅರ್ಧದಲ್ಲಿದ್ದ ಅಡಿಕೆಯೆಲ್ಲ ಹಾಗೆಯೇ ಉಳಿಯಿತು. ಮೂರು ವಾರ ಕಳೆದ ಮೇಲೆ ನಾನು ಹೋದಾಗ ಉಳಿದಿದ್ದವು ಏಳೆಂಟು ಮಾತ್ರ. ಅವರು ಅಂಚನ್ನು ತಾವಾಗಿಯೇ ಬೆರಳಿನಿಂದ ತಡಕಿ, “ಇಲ್ಲಿಗೆ ಮುಗೀತು” ಎಂದು ಹೇಳಿ ಮುಂದಿನ ಮೊರ ತರಿಸಿಕೊಂಡರು. ಊಟದಲ್ಲಿಯೂ ಇದೇ ಉಪಾಯವನ್ನು ಬಳಸಿದೆವು: ಎಲೆಯ ಎಡ ತುದಿಗೆ ನೀರಿನ ಲೋಟವನ್ನಿಟ್ಟು, ಲೋಟವನ್ನು ಮುಟ್ಟಿ ಊಟ ಆರಂಭಿಸುವುದು. ಆದರೆ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತುಕೊಳ್ಳಲು ನಾನು ಒಪ್ಪಲಿಲ್ಲ. ಗಮನವಿಲ್ಲದ, ಸ್ಪರ್ಶ ಮಂದವಾದ ಕೈಯನ್ನು ಅಲಗಿನ ಹತ್ತಿರ ಒಯ್ಯುವಂತಿಲ್ಲ. ಅವರು ಬೇಸರಪಟ್ಟರು, ನಾನು ಮಣಿಯಲಿಲ್ಲ.

ಮಣಿಯದಿರುವುದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ, ಎಡಗೈ ಸೋತ ಒಬ್ಬ ಹಿರಿಯರ ಸ್ಪರ್ಶವನ್ನು ನಾನು ಹತ್ತಿಯಿಂದ ಪರೀಕ್ಷಿಸಿ, ಸಾಕಷ್ಟಿದೆ ಎಂದು ಬರೆದುಕೊಂಡಿದ್ದೆ. ಬಿಸಿ ತಣ್ಣಗಿನ ಅರಿವನ್ನು ಪರೀಕ್ಷಿಸಿರಲಿಲ್ಲ. ಆಷಾಢದ ಮಳೆಯಲ್ಲಿ ಅವರು ಎಂದಿನಂತೆ ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸಲು ಕುಳಿತಿದ್ದಾಗ ಎಡಗೈ ಹಂಡೆಗೆ ತಗುಲಿಕೊಂಡೇ ಇತ್ತು. ಅವರಿಗೆ ಗೊತ್ತಾಗಲಿಲ್ಲ, ಮೊಮ್ಮಗಳು ನೋಡಿ ಕೂಗಿದಳು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನವೂ ಆ ಕೈಗೆ ಯಾವ ಅಭ್ಯಾಸವನ್ನೂ ಮಾಡಿಸಲಾಗಲಿಲ್ಲ. ಆ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಆದರೂ ತಪ್ಪು ನನ್ನದು. ಮಲೆನಾಡಿನ ಮನೆಯಲ್ಲಿ ಬೆಂಕಿ ಇಲ್ಲದ ದಿನವಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಈಗ ಎರಡು ಲೋಟಗಳಲ್ಲಿ ಉಗುರುಬೆಚ್ಚಗಿನ ನೀರು ಮತ್ತು ತಣ್ಣೀರಿಟ್ಟು, ಕಣ್ಣು ಮುಚ್ಚಿಸಿ ಪರೀಕ್ಷಿಸದೆ ನಾನು ಮೊದಲ ಭೇಟಿಯನ್ನು ಮುಗಿಸುವುದಿಲ್ಲ. ಸ್ನಾನದ ನೀರನ್ನು ಸರಿಯಿರುವ ಕೈಯಿಂದಲೇ ಮುಟ್ಟಿ ನೋಡಬೇಕೆಂದು ರೋಗಿಗೂ ಮನೆಯವರಿಗೂ ಬೇರೆ ಬೇರೆಯಾಗಿ ಹೇಳುತ್ತೇನೆ.

ಬಲಗೈ ಸೋತವರ ಕಷ್ಟ ಇನ್ನೊಂದು ಬಗೆಯದು. ಎಡಗೈಯಲ್ಲಿ ಉಣ್ಣುವುದನ್ನು ಅಭ್ಯಾಸ ಮಾಡಿಕೊಳ್ಳಿ ಎಂದು ಹೇಳುವುದು ನಮಗೆ ಸುಲಭ. ಆದರೆ ನಿವೃತ್ತ ಶಿಕ್ಷಕರೊಬ್ಬರು ಎಡಗೈಯನ್ನು ತಟ್ಟೆಗೆ ಹಾಕಲಾರದೆ, ಹೆಂಡತಿ ತುತ್ತು ಕೊಟ್ಟರೆ ನಾಲ್ಕು ತುತ್ತಿಗೇ ಸಾಕೆನ್ನುತ್ತಾ ಎರಡು ತಿಂಗಳಲ್ಲಿ ಸೊರಗಿಹೋದದ್ದನ್ನು ನೋಡಿದ ಮೇಲೆ ನಾನು ಹಾಗೆ ಹೇಳುವುದನ್ನು ಬಿಟ್ಟೆ. ಅವರ ಬಲಗೈ ಬೆರಳುಗಳು ಸ್ವಲ್ಪ ಮಡಚುತ್ತಿದ್ದವು, ಬಿಡಿಸಲು ಬರುತ್ತಿರಲಿಲ್ಲ. ಅನ್ನ ಸಾರು ಕಲಸಿ ಉಣ್ಣುವುದು ಕೈಗೆ ಅತ್ಯಂತ ಕಠಿಣವಾದ ಕೆಲಸ: ಐದು ಬೆರಳೂ ಕೂಡಬೇಕು, ಮಣಿಕಟ್ಟು ತಿರುಗಬೇಕು, ತುತ್ತು ಸೋರಬಾರದು. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಂಡು ಕಡುಬಿನ ತುಂಡುಗಳಿಂದ ಆರಂಭಿಸಿದೆವು. ಮೊಣಕೈ ಮೇಜಿನ ಮೇಲೆ ಊರಿರಬೇಕು, ಎಡಗೈ ಬಲ ಮಣಿಕಟ್ಟಿಗೆ ಆಸರೆಯಾಗಬೇಕು. ಹಾಗೆ ಮಾಡಿದಾಗ ಉಣ್ಣುವ ಕೈ ಬಲಗೈಯೇ ಆಗಿ ಉಳಿಯುತ್ತದೆ, ಎಡಗೈ ಸಹಾಯಕ್ಕೆ ಮಾತ್ರ. ಕಡುಬಾದ ಮೇಲೆ ಅಕ್ಕಿ ರೊಟ್ಟಿಯ ಚೂರು, ಆಮೇಲೆ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದ ಚಮಚದಲ್ಲಿ ಮೊಸರನ್ನ. ನಾಲ್ಕು ತಿಂಗಳ ನಂತರವೂ ಅವರು ಚಮಚದಲ್ಲಿಯೇ ಉಣ್ಣುತ್ತಿದ್ದರು; ಕಲಸಿದ ಅನ್ನದ ತುತ್ತು ಕಡೆಗೂ ಕೈಗೆ ಬರಲಿಲ್ಲ. ಆದರೆ ಹೊಟ್ಟೆತುಂಬ ಉಣ್ಣುತ್ತಿದ್ದರು, ಮತ್ತು ಬೇರೆಯವರು ತುತ್ತು ಕೊಡಬೇಕಾಗಿರಲಿಲ್ಲ.

ನಾನು ಬಾರ್ಥೆಲ್ ಸೂಚ್ಯಂಕವನ್ನು ತಪ್ಪದೆ ಬಳಸುತ್ತೇನೆ. 1965ರಲ್ಲಿ ಪ್ರಕಟವಾದ, ಊಟ, ಸ್ನಾನ, ಶೌಚ, ಮೆಟ್ಟಿಲು ಮೊದಲಾದ 10 ಕೆಲಸಗಳನ್ನು 100ಕ್ಕೆ ಅಳೆಯುವ ಅದು ಅಂದಿನ ಮತ್ತು ಇಂದಿನ ಸ್ಥಿತಿಯನ್ನು ಹೋಲಿಸಲು ನಿಜವಾಗಿಯೂ ಉಪಯುಕ್ತ. ಆ ಶಿಕ್ಷಕರ ಅಂಕ ಊಟದ ವಿಭಾಗದಲ್ಲಿ ಏರಿತು. ಎಡಗೈ ಎಂಬ ಸಂಕೋಚದಿಂದ ಅವರು ಎರಡು ತಿಂಗಳು ಅರೆಹೊಟ್ಟೆಯಲ್ಲಿದ್ದ ಸಂಗತಿ ಮಾತ್ರ ಆ ಅಂಕದಲ್ಲಿ ಕಾಣುವುದಿಲ್ಲ. ಅದನ್ನು ನಾನು ಬೇರೆಯೇ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಭುಜದ ವಿಷಯವನ್ನು ಪ್ರತಿ ಮನೆಯಲ್ಲಿಯೂ ಹೇಳುತ್ತೇನೆ. ಸ್ನಾಯುಗಳು ಸಡಿಲಾಗಿರುವಾಗ ತೋಳಿನ ಭಾರಕ್ಕೇ ಕೀಲು ಕೆಳಕ್ಕೆ ಜಾರಿರುತ್ತದೆ. ಅಂಥ ತೋಳನ್ನು ಹಿಡಿದೆಳೆದು ಎಬ್ಬಿಸಿದರೆ ಮುಂದೆ ತಿಂಗಳುಗಟ್ಟಲೆ ನೋವು. ಸೊಂಟಕ್ಕೆ ದಪ್ಪ ಟವೆಲ್ ಸುತ್ತಿ ಅದನ್ನು ಹಿಡಿದು ಎಬ್ಬಿಸಬೇಕು, ಕುಳಿತಾಗ ತೋಳಿನ ಕೆಳಗೆ ದಿಂಬಿಡಬೇಕು, ಅಂಗಿ ತೊಡಿಸುವಾಗ ಸೋತ ಕೈಯನ್ನು ಮೊದಲು ತೂರಿಸಿ, ತೆಗೆಯುವಾಗ ಕೊನೆಗೆ ತೆಗೆಯಬೇಕು. ಎಣ್ಣೆ ತಿಕ್ಕುವುದನ್ನು ನಾನು ಬೇಡವೆನ್ನುವುದಿಲ್ಲ. ಮನೆಯವರಿಗೆ ಅದು ತಾವು ಮಾಡಬಹುದಾದ ಸೇವೆ. ತಿಕ್ಕುವವರು ತೋಳನ್ನು ತಲೆಯ ಮೇಲಕ್ಕೆ ಎಳೆಯಬಾರದು ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಮನೆಯ ಮಾರ್ಪಾಡು ಎಂದರೆ ಪೇಟೆಯ ಮನೆಗಳಲ್ಲಿ ಬಚ್ಚಲಿನ ಗೋಡೆಗೆ ಸ್ಟೀಲಿನ ಹಿಡಿ ಕೂರಿಸುವುದು. ಇಲ್ಲಿನ ಹಳೆಯ ಮಣ್ಣಿನ ಗೋಡೆಗೆ ಹೊಡೆದ ಮೊಳೆ ಮೈಭಾರ ಬಿದ್ದರೆ ಕಿತ್ತು ಬರುತ್ತದೆ. ಅದಕ್ಕೆ ನಾನು ನೆಲದಿಂದ ಮೇಲಿನ ತೊಲೆಯವರೆಗೆ ಒಂದು ಜಿಐ ಪೈಪನ್ನು ನಿಲ್ಲಿಸಿ, ನೆಲದಲ್ಲಿ ಸಿಮೆಂಟು ಹಾಕಿಸುತ್ತೇನೆ. ರೋಗಿ ಸರಿಯಿರುವ ಕೈಯಲ್ಲಿ ಅದನ್ನು ಹಿಡಿಯುವಂತಿರಬೇಕು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವರನ್ನೇ ಕುರ್ಚಿಯಿಂದ ಎಬ್ಬಿಸಿ ನೋಡಿ ಗುರುತು ಮಾಡುತ್ತೇನೆ. ಎತ್ತರದ ಹೊಸ್ತಿಲನ್ನು ಕಡಿಯಲು ಯಾರೂ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾನೂ ಒತ್ತಾಯಿಸುವುದಿಲ್ಲ. ಎರಡೂ ಬದಿಗೆ ಮರದ ಹಲಗೆಯಿಟ್ಟು ಅದನ್ನು ಒಂದು ಮೆಟ್ಟಿಲಾಗಿ ಮಾಡಿ, ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಸೋತ ಕಾಲು ಮುಂದೆ ಎಂದು ಕಲಿಸಿದರೆ ಸಾಕಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟುವ ಅಂಗಳಕ್ಕೆ ಅಡಿಕೆ ದಬ್ಬೆಗಳನ್ನು, ಅಂದರೆ ಅಡಿಕೆ ಮರದ ಸೀಳುಗಳನ್ನು, ಅಡ್ಡ ಹಾಸಿಸುತ್ತೇನೆ. ಇದನ್ನು ನನಗೆ ಕಲಿಸಿದ್ದು ಹೊಸನಗರದ ಕಡೆಯ ಒಬ್ಬ ಅಜ್ಜಿ.

ಎಲ್ಲಕ್ಕಿಂತ ಕಠಿಣವಾದದ್ದು ಪ್ರೀತಿಯನ್ನು ತಡೆಯುವುದು. “ನೀವು ಸುಮ್ನೆ ಕೂತ್ಕೊಳ್ಳಿ, ನಾ ಮಾಡ್ತೀನಿ” ಎನ್ನುವ ಮನೆಯಲ್ಲಿ ಕೈ ಚೇತರಿಸಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಮೊದಲ ಮೂರು ತಿಂಗಳು ಚೇತರಿಕೆ ವೇಗವಾಗಿರುವ ಕಾಲ. ಆ ಕಾಲವೇ ಉಪಚಾರದಲ್ಲಿ ಕಳೆದುಹೋಗುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹಾಗೆಂದು ಉಪಚರಿಸುವವರನ್ನು ಗದರಿಸುವುದು ನ್ಯಾಯವಲ್ಲ. ತೋಟದ ಆಳುಗಳಿಗೆ ಹತ್ತು ಗಂಟೆಗೆ ತಿಂಡಿ ಕಳಿಸಬೇಕಾದ ಸೊಸೆ, ಮಾವ ಅರ್ಧ ಗಂಟೆ ಹಿಡಿದು ಅಂಗಿ ಹಾಕಿಕೊಳ್ಳುವುದನ್ನು ಕಾಯುತ್ತಾ ನಿಲ್ಲಲಾರಳು. ಆದ್ದರಿಂದ ನಾನು ದಿನಕ್ಕೆ ಒಂದೇ ಒಂದು ಕೆಲಸವನ್ನು, ಮನೆಯಲ್ಲಿ ಅವಸರವಿಲ್ಲದ ಹೊತ್ತಿನಲ್ಲಿ, ರೋಗಿಗೆ ಪೂರ್ತಿಯಾಗಿ ಬಿಟ್ಟುಕೊಡಿ ಎಂದು ಕೇಳುತ್ತೇನೆ. ಅದು ಸಂಜೆ ಕವಳ ಹಾಕಿಕೊಳ್ಳುವುದಾಗಿರಬಹುದು: ಎಲೆಯ ತೊಟ್ಟು ಮುರಿಯಬೇಕು, ಸುಣ್ಣ ಹಚ್ಚಬೇಕು, ಮಡಚಬೇಕು, ಎರಡು ಕೈಗೂ ಕೆಲಸ ಕೊಡುವ ಅಭ್ಯಾಸ. ವೈದ್ಯರು ಹೊಗೆಸೊಪ್ಪು ಬೇಡವೆಂದಿದ್ದರೆ ಅದಿಲ್ಲದೆಯೇ, ಅಡಿಕೆಯೂ ಬೇಡವೆಂದಿದ್ದರೆ ಮನೆಯ ಬೇರೆಯವರಿಗಾಗಿ ಕಟ್ಟಿಕೊಡಲಿ. ನುಂಗುವುದರಲ್ಲಿ ತೊಂದರೆಯಿರುವವರಿಗೆ ಇದು ಸಲ್ಲದು. ಅಂಥವರಿಗೆ ಹೂ ಕಟ್ಟುವುದು, ದೀಪದ ಬತ್ತಿ ಹೊಸೆಯುವುದು ಇದೆ.

ಈಗ ನಾನು ನೋಡುತ್ತಿರುವವರಲ್ಲಿ ಆಗುಂಬೆಯ ಕೆಳಗಿನ ಒಬ್ಬ ಹೆಂಗಸಿದ್ದಾರೆ. ಅವರ ಮನೆಗೂ ರಸ್ತೆಗೂ ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಡೈರಿಗೆ ತಾನೇ ಹಾಲು ಒಯ್ಯಬೇಕೆಂಬುದು ಅವರು ಮೊದಲ ದಿನವೇ ಹೇಳಿದ ಆಸೆ. ಅಂಗಳದಲ್ಲಿ ಸಂಕದಷ್ಟೇ ಅಗಲಕ್ಕೆ ದಬ್ಬೆ ಹಾಸಿ ಖಾಲಿ ಕ್ಯಾನು ಹಿಡಿದು ನಡೆಯುವುದನ್ನು ಮಾಡಿದ್ದಾಯಿತು. ಕಳೆದ ವಾರ ಕ್ಯಾನಿಗೆ ಎರಡು ಲೀಟರ್ ನೀರು ತುಂಬಿಸಿದೆವು. ಸಂಕಕ್ಕೆ ಎರಡೂ ಬದಿ ಕೈತಾಂಗು ಕಟ್ಟಲು ಅವರ ಮಗ ಬಿದಿರು ಕಡಿದಿಟ್ಟಿದ್ದಾನೆ. ಮಳೆ ಹಿಡಿಯಲು ಇನ್ನು ಮೂರು ವಾರವಿದೆ. ಬುಧವಾರ ನಾನು ಅಲ್ಲಿಗೆ ಹೋಗುತ್ತೇನೆ.